ಮೆಮೊರಿ ಬ್ಯಾರಿಯರ್ ಬಗ್ಗೆ ನಾನು ಬರೆದ ತಪ್ಪು ಸಾಲು

ನಮ್ಮ ಲ್ಯಾಬಿನ ಬಳಗದ ಗೆಳೆಯರಿಗೆ ನಮಸ್ಕಾರ; ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್ ಅನ್ನು ಓದಲು ನಮಗೆ ಕಲಿಸಿದ ಹಿರಿಯರಿಗೆ ಕೃತಜ್ಞತೆ.

ನನ್ನ ವಿದ್ಯಾರ್ಥಿನಿ ಗಿರಿಜಾ ಬರೆದ, ಯಂತ್ರವನ್ನು ಕಂಪ್ಯೂಟರಿಗೆ ಬೆಸೆಯುವ ಡ್ರೈವರ್ ಎಂಬ ತಂತ್ರಾಂಶ ಸರಿಯಾಗಿ ನಡೆದರೆ ಅವಳಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ನೌಕರಿ ಸಿಗುತ್ತಿತ್ತು. ಇಂದು ಪರೀಕ್ಷೆಯಲ್ಲಿ ಅದು ಸೋತಿತು. ಅಲ್ಲಿನ ಕಂಪ್ಯೂಟರಿಗೆ ಎರಡು ಪ್ರೊಸೆಸರ್. ಮೊದಲನೆಯದು ಯಂತ್ರದ ಹೊಸ ಅಳತೆಯನ್ನು ಬರೆದು, ಆಮೇಲೆ ‘ಸಿದ್ಧ’ ಎಂಬ ಗುರುತು ಹಾಕಬೇಕು. ಎರಡನೆಯದಕ್ಕೆ ಗುರುತೇ ಮೊದಲು ಕಂಡು, ಅದು ಹಳೆಯ ಅಳತೆಯನ್ನು ಓದಿಬಿಟ್ಟಿತು. ಈ ಕ್ರಮ ತಪ್ಪದಂತೆ ಕಾಯುವ ಆದೇಶವೇ ಮೆಮೊರಿ ಬ್ಯಾರಿಯರ್. ‘ಇಲ್ಲಿ ಅದರ ಅಗತ್ಯವಿಲ್ಲ’ ಎಂದು ಅವಳು ನೋಡಿಕೊಂಡ ನಮ್ಮ ಲ್ಯಾಬಿನ ಟಿಪ್ಪಣಿಯಲ್ಲಿ ಬರೆದವನು ನಾನೇ, ಒಂದೇ ಪ್ರೊಸೆಸರ್ ಇದ್ದ ಕಾಲದಲ್ಲಿ.

“ಯಾಕಮ್ಮ, ಅನುಮಾನ ಬರ್ಲಿಲ್ಲೇನು?” ಎಂದು ಕೇಳಿದೆ.

“ಬಂದಿತ್ತು ಸರ್. ನೀವು ಬರೆದಿದ್ದರ ಮೇಲೆ ನಾನು ಹೆಂಗೆ ಗೀಟು ಹೊಡೀಲ್ರಿ?”

ಪಕ್ಕದಲ್ಲಿದ್ದ ಕಾರ್ಖಾನೆಯ ಮೇಲ್ವಿಚಾರಕರು ನಕ್ಕರು: “ಗುರುಭಕ್ತಿ ಚಲೋ ಐತಮ್ಮ, ಮಷೀನಿಗೆ ಅದು ಬ್ಯಾಡ. ಕೆಲ್ಸಕ್ಕೆ ಬ್ಯಾರೆಯೋರನ್ನ ನೋಡ್ತೀವಿ.”

ಹಿಂದಿರುಗುವ ಬಸ್ಸಿನಲ್ಲಿ ಅವಳು ಟಿಪ್ಪಣಿಯ ಅದೇ ಪುಟ ತೆರೆದು ಕೂತಳು.

ಇಷ್ಟು ವರ್ಷ ವಿಧೇಯತೆಗೆ ಧಾರಾಳವಾಗಿ ಅಂಕ ಕೊಟ್ಟವನು ನಾನು. ಅದರ ಬೆಲೆ ತೆತ್ತವಳು ಅವಳು. ನಾಳೆ ಬೆಳಿಗ್ಗೆ ಎಲ್ಲರೂ ದಾವಣಗೆರೆಯ ನಮ್ಮ ಲ್ಯಾಬಿಗೆ ಬನ್ನಿ. ಗಿರಿಜಾ ಟಿಪ್ಪಣಿಯನ್ನು ತಿದ್ದಲಿ, ಅವಳು ತಿದ್ದಿದ್ದರಲ್ಲೂ ತಪ್ಪಿದ್ದರೆ ನಾವು ಹುಡುಕೋಣ. ನನ್ನ ಹೆಸರಿರುವ ಪುಟದಿಂದಲೇ ಶುರುಮಾಡಿ.