ಮೂರು ತೋಪು, ಒಂದು ಕಿಡಿ

ನನ್ನ ಹೆಂಡತಿಯ ತಮ್ಮನಿಗೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಸಣ್ಣ ಹೋಟೆಲ್ ಇದೆ. ದಿನವಿಡೀ ಒಲೆಯೆದುರು ಬೇಯುವ ಮನುಷ್ಯ ರಜೆಯ ದಿನವಾದರೂ ಬೆಂಕಿಯಿಂದ ದೂರ ಇರಬೇಡವೇ? ಅವನ ಹವ್ಯಾಸವೆಂದರೆ ಪ್ಲಾಸ್ಟಿಕ್ ಕೊಳವೆಗೆ ಗ್ಯಾಸ್ ತುಂಬಿ, ಕಿಡಿ ಕೊಟ್ಟು, ಬಟಾಟೆ ಹಾರಿಸುವುದು. ಶಹಾಡ್‌ನ ಆಚೆ ಗೆಳೆಯನ ಖಾಲಿ ಜಾಗದಲ್ಲಿ ಇಂಥ ಮೂರು ತೋಪುಗಳನ್ನು ಸಾಲಾಗಿ ನಿಲ್ಲಿಸಿದ್ದ. ನನಗೋ ಲಿಫ್ಟಿನ ಬಾಗಿಲು ಮುಚ್ಚುವಾಗಲೂ ಅಂಗೈ ಬೆವರುತ್ತದೆ. ಆದರೂ ನಮ್ಮ ಮನೆಯಿರುವ ಕೋಪರಿಯಿಂದ ನಾನೇ ಹೋಗಬೇಕು. ನಾನು ಜೊತೆಗಿದ್ದರೆ ಅವನು ಹುಚ್ಚಾಟ ಆಡುವುದಿಲ್ಲವೆಂದು ನನ್ನ ಹೆಂಡತಿ ನಂಬಿದ್ದಾಳೆ. ಅವಳ ಈ ನಂಬಿಕೆಗೆ ಆಧಾರವೇನೆಂದು ಕೇಳುವ ಧೈರ್ಯವೂ ನನಗಿಲ್ಲ.

ತೋಪು ಮೂರಾದರೂ ಕಿಡಿಯ ಪೆಟ್ಟಿಗೆ ಒಂದೇ. ಅದರ ಮೇಲೊಂದು ಹಲಗೆ, ಹಲಗೆಯಲ್ಲಿ ಮೂರು ಬೋಲ್ಟು, ಒಂದೊಂದರಿಂದ ಒಂದೊಂದು ತೋಪಿಗೆ ತಂತಿ, ನಡುವೆ ತಿರುಗಿಸುವ ನಾಬ್, ಪಕ್ಕದಲ್ಲಿ ಒತ್ತುವ ಗುಂಡಿ. ನಾಬ್ ಯಾವ ಬೋಲ್ಟಿನ ಮೇಲಿದೆಯೋ ಆ ತೋಪು ಮಾತ್ರ ಸಿಡಿಯಬೇಕು. ದಸರಾದ ಹಿಂದಿನ ದಿನ ಹೋಟೆಲಿನಲ್ಲಿ ಆಯುಧಪೂಜೆ. ಅತ್ತೆಯವರು ಗ್ರೈಂಡರಿಗೆ, ಸ್ಕೂಟರಿಗೆ, ಈಳಿಗೆಮಣೆಗೆ ಹಚ್ಚಿ ಉಳಿದ ಕುಂಕುಮವನ್ನು ಈ ಹಲಗೆಗೂ ನೀರಿನಲ್ಲಿ ಕಲಸಿ, ಬೋಲ್ಟಿನಿಂದ ಬೋಲ್ಟಿಗೆ ದಪ್ಪವಾಗಿ ಎಳೆದಿದ್ದರು. ಅದನ್ನು ನೋಡಿ ನನಗೆ ಒಂದಿಷ್ಟು ಸಮಾಧಾನವೇ ಆಗಿತ್ತು.

ದಸರಾದ ಬೆಳಿಗ್ಗೆ ಎರಡನೆಯ ತೋಪು ಬಟಾಟೆಯನ್ನು ಚೆನ್ನಾಗಿಯೇ ಹಾರಿಸಿತು. ನಾಬನ್ನು ಒಂದಕ್ಕೆ ತಿರುಗಿಸಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಒಳಗೆ ತೇವ ಹೋಗಿರಬೇಕು, ಅದು ಆರುವಷ್ಟರಲ್ಲಿ ಮೂರನೆಯದನ್ನು ತಯಾರು ಮಾಡುತ್ತೇನೆ ಎಂದು ಅವನು ಎದ್ದ. ಅದಕ್ಕೆ ಬಟಾಟೆ ತುರುಕಿ, ಗ್ಯಾಸ್ ತುಂಬಿ ಮುಚ್ಚಿದ. ಅದರ ಬಾಯಿ ಒಂದು ಕಡೆಗೆ ವಾಲಿತ್ತು. ಇಟ್ಟಿಗೆ ಒತ್ತು ಕೊಡಲು ಮುಂದಿನಿಂದ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಅವನ ಮುಖ ನೇರವಾಗಿ ಕೊಳವೆಯ ಬಾಯಿಗೆ. ಹಾಗೆ ಕೂತೇ, ಒಂದನೆಯದನ್ನು ಇನ್ನೊಮ್ಮೆ ಒತ್ತಿ ನೋಡಿ ಎಂದ.

ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ನೀನು ಮೊದಲು ಈಚೆ ಬಾ ಎಂದೆ.

"ಭಾವ, ನಾಬ್ ಒಂದರಲ್ಲಿ ಉಂಟಲ್ಲ? ಮೂರಕ್ಕೆ ಕಿಡಿ ಎಲ್ಲಿಂದ ಬರ್ತದೆ? ಒತ್ತಿ ಮಾರಾಯ್ರೆ."

ಅವನ ಮಾತು ಸರಿಯೇ ಇತ್ತು. ನಾನು ಹೆದರಿದ್ದು ಮೂರನೆಯದಕ್ಕೆ ಅಲ್ಲ, ಒಂದನೆಯದು ಒಡೆದು ಚೂರು ಅವನಿಗೆ ಬಡಿದೀತು ಎಂದು. ಹಾಗೆಂದರೆ ನಗುತ್ತಾನೆ. ಎದೆ ಒಂಥರಾ ಆಗುತ್ತಿದೆ, ಪಕ್ಕದಲ್ಲಿ ಬಂದು ನಿಲ್ಲು ಎಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳೂ ಅಲ್ಲ.

"ನಿಮ್ಮನ್ನು ಕರ್ಕೊಂಡು ಬಂದದ್ದೇ ಗಲ್ತಿ. ನೀವು ಪೆಟ್ರೋಲ್ ಪಂಪಲ್ಲಿ ಸ್ಕೂಟರಿಂದ ಇಳಿದು ರೋಡಲ್ಲಿ ನಿಲ್ಲುವ ಜನ," ಎನ್ನುತ್ತ ಎದ್ದು, ಬೇಕೆಂದೇ ನಿಧಾನವಾಗಿ ಮಣ್ಣು ಕೊಡವಿಕೊಂಡು, ನನ್ನ ಹಿಂದೆ ಬಂದು ನಿಂತ. ನಾನು ನಾಬ್ ಒಂದರಲ್ಲೇ ಇದೆಯೆಂದು ನೋಡಿಕೊಂಡು ಒತ್ತಿದೆ.

ಸಿಡಿದದ್ದು ಮೂರನೆಯದು.

ಬಟಾಟೆ ಅವನು ಕೂತಿದ್ದ ಜಾಗದ ಮೇಲಿಂದಲೇ ಹಾದು, ಎದುರಿನ ಕಂಪೌಂಡಿನ ತಗಡಿಗೆ ಬಡಿಯಿತು. ತಗಡು ಬಟ್ಟಲಿನಂತೆ ತಗ್ಗಾಯಿತು.

ಆಮೇಲೆ ಅವನು ತಂತಿ ಕಳಚಿ ಹಲಗೆಯನ್ನು ಬೆಳಕಿಗೆ ಹಿಡಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರಿಂದ ಕುಂಕುಮ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಒಂದನೆಯ ಬೋಲ್ಟಿನಿಂದ ಮೂರನೆಯದರವರೆಗೆ ಕೂದಲೆಳೆಯಂಥ ಸುಟ್ಟ ಕಪ್ಪು ಗೆರೆ. ಒಂದನೆಯ ತೋಪಿನಲ್ಲಿ ದಾರಿ ಸಿಗದ ಕಿಡಿ ಅತ್ತೆಯವರು ಹಾಕಿಕೊಟ್ಟ ದಾರಿಯಲ್ಲಿ ನಡೆದಿತ್ತು.

"ನಿಮಗೆ ಗೊತ್ತಿತ್ತಾ, ಭಾವ?"

ಹೌದೆನ್ನಬಹುದಿತ್ತು. ಜೀವಮಾನದಲ್ಲಿ ಅಂಥ ಅವಕಾಶ ಮತ್ತೆ ಸಿಗುವುದಿಲ್ಲ. ಇಲ್ಲ, ನಾನು ಬೇರೆಯದಕ್ಕೆ ಹೆದರಿದ್ದು ಎಂದೆ. ಅವನು ನಗಲಿಲ್ಲ. ಅಮ್ಮನಿಗೆ ಹೇಳುವುದು ಬೇಡ ಎಂದಷ್ಟೇ ಹೇಳಿದ.

ವಾಪಸು ಬರುವಾಗ ಲೋಕಲ್ ರೈಲು ಖಾಲಿ ಇತ್ತು. ಯಾವತ್ತೂ ಬಾಗಿಲಲ್ಲೇ ಜೋತುಬೀಳುವವನು ಒಳಗೆ ಬಂದು, ಕಿಟಕಿಯ ಬದಿ ನನಗೆ ಬಿಟ್ಟು ಪಕ್ಕದಲ್ಲಿ ಕೂತ. ಕಲ್ಯಾಣ ದಾಟಿದರೂ ಒಂದು ಚೇಷ್ಟೆಯ ಮಾತಿಲ್ಲ. ಹುಷಾರಿದ್ದಾನೋ ಇಲ್ಲವೋ ಎಂದು ನನಗೆ ಹೊಸ ಚಿಂತೆ ಹತ್ತಿತು.