ಕುದುರೆ ಹಿಡಿಯಲು ಎಷ್ಟು ಜನ

ಎಂಬತ್ತರ ದಶಕದಲ್ಲಿ ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಧನುರ್ವಾಯುವಿನ ವಿಷಕ್ಕೆ ಮದ್ದು ಮಾಡುವ ಕೆಲಸದಲ್ಲಿದ್ದೆ. ಅಲ್ಲಿಯವರೆಗೆ ಆ ಮದ್ದು ಹಿಂದಿನ ಲಾಯದ ಕುದುರೆಗಳ ರಕ್ತದಿಂದ ಬರುತ್ತಿತ್ತು. ನಾನು ಕುದುರೆಯಿಲ್ಲದೆ, ಇಲಿಯ ಒಂದೇ ಜೀವಕೋಶದ ಸಂತತಿಯಿಂದ ಮೋನೋಕ್ಲೋನಲ್ ಪ್ರತಿಕಾಯ, ಅಂದರೆ ವಿಷದ ಕಣವನ್ನು ಒಂದೇ ಜಾಗದಲ್ಲಿ ಹಿಡಿಯುವ ಪ್ರೋಟೀನು, ತೆಗೆಯಬೇಕಿತ್ತು. ಅಂಥವು ಮೂರು ಸಿಕ್ಕವು. ಮೂರೂ ವಿಷಕ್ಕೆ ಚೆನ್ನಾಗಿಯೇ ಅಂಟಿಕೊಂಡವು. ಆದರೆ ಯಾವುದನ್ನು ವಿಷದೊಡನೆ ಬೆರೆಸಿ ಚುಚ್ಚಿದರೂ ಇಲಿ ಸಾಯುತ್ತಿತ್ತು. ಮಾರ್ಚ್ ಒಳಗೆ ಒಂದಾದರೂ ಇಲಿ ಬದುಕದಿದ್ದರೆ ಯೋಜನೆ ಮುಚ್ಚುವುದಾಗಿ ನಿರ್ದೇಶಕರು ಹೇಳಿದ್ದರು.

ಆಗ ಲಾಯ ನೋಡಿಕೊಳ್ಳುತ್ತಿದ್ದ ಬಾಷಾ ಸಾಬರು ಅರ್ಜಿ ಬರೆಸಲು ಬಂದರು.

"ಇನ್ನಿಬ್ರು ಆಳು ಬೇಕು ಅಂತ ಬರೀರಿ ಸಾರ್."

"ಒಂದು ಕುದುರೆ ಹಿಡಿಯೋಕೆ ನೀವೊಬ್ರು ಸಾಲ್ದಾ?"

"ಹಿಡ್ಕೋತೀನಿ ಸಾರ್. ನಾನು ಮೂತಿ ಹಿಡ್ಕೊಂಡಿರ್ತೀನಿ, ಅದು ಹಿಂದ್ಗಡೆಯಿಂದ ಒದೆಯುತ್ತೆ. ಹೋದ್ವಾರ ರಕ್ತ ತೆಗೆಯೋಕೆ ಬಂದಿದ್ದ ಡಾಕ್ಟ್ರ ಮಂಡಿಗೆ ಬಿತ್ತಲ್ಲ."

ಅರ್ಜಿ ಬರೆದುಕೊಟ್ಟೆ. ಮರುದಿನ ಮೂರು ಪ್ರತಿಕಾಯಗಳನ್ನೂ ಒಟ್ಟಿಗೇ ವಿಷಕ್ಕೆ ಬೆರೆಸಿ ನೋಡಿದೆ. ಇಲಿ ಬದುಕಿತು. ವಾರವಾದರೂ ಬದುಕಿಯೇ ಇತ್ತು. ಯೋಜನೆ ಉಳಿಯಿತು, ನನ್ನ ನೌಕರಿಯೂ.

ಬಾಷಾ ಸಾಬರಿಗೂ ಉತ್ತರ ಬಂತು. ಇಲಿಯ ವಿಧಾನ ಯಶಸ್ವಿಯಾಗಿರುವುದರಿಂದ ಲಾಯಕ್ಕೆ ಹೊಸ ಆಳುಗಳ ಅಗತ್ಯವಿಲ್ಲ, ಒಂದು ಕುದುರೆಗೆ ಒಬ್ಬರು ಸಾಕು ಎಂದಿತ್ತು. ಅವರು ಅದನ್ನು ನನ್ನ ಹತ್ತಿರವೇ ತಂದರು.

"ಏನ್ ಬರ್ದವ್ರೆ, ಓದಿ ಹೇಳಿ ಸಾರ್."

ಕಣ್ಣಿಗೆ ಕಾಣದ ವಿಷದ ಕಣವನ್ನು ಹಿಡಿಯಲು ಮೂವರನ್ನು ನೇಮಿಸಿಕೊಂಡಿದ್ದ ನಾನು, ಆ ಪತ್ರವನ್ನು ಒಂದಕ್ಷರವೂ ಬಿಡದೆ ಓದಿ ಹೇಳಿದೆ.