ಜ್ವರ ಬಂದರೂ ರಜೆ ಹಾಕದವನು

ಇವತ್ತು ಬೆಳಿಗ್ಗೆ ಫೋನಿನಲ್ಲಿ ಮಾತಿಗೆ ಮೊದಲು ಕೆಮ್ಮು ಕೇಳಿಸಿತು. ಅಜೆಕಾರು ಕಡೆಯ ಶಾಲೆಯೊಂದಕ್ಕೆ ಹೊಸದಾಗಿ ಟೀಚರ್ ಆಗಿ ಸೇರಿರುವ ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ, ಅಲ್ಲಿಗೆ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಕರೆಯಲು ಫೋನ್ ಮಾಡಿದ್ದಳು. "ಎಂತ ಕೆಮ್ಮು ಅದು?" ಎಂದು ಕೇಳಿದೆ. "ಸ್ವಲ್ಪ ಜ್ವರ ಉಂಟು ಸರ್. ಆದ್ರೂ ಶಾಲೆಗೆ ಬಂದಿದ್ದೇನೆ. ನಿಮ್ಮ ಸ್ಟೂಡೆಂಟ್ ಅಲ್ವಾ!" ಎಂದು ನಕ್ಕಳು. ಅಷ್ಟರಲ್ಲಿ ಬೆಲ್ ಹೊಡೆಯಿತು, ಫೋನ್ ಇಟ್ಟಳು.

ಶಿಷ್ಯೆ ಹೊಗಳಿದರೆ ಯಾವ ಮೇಷ್ಟ್ರಿಗೆ ಖುಷಿಯಾಗುವುದಿಲ್ಲ ಹೇಳಿ? ನನಗೆ ಆಗಲಿಲ್ಲ. ಕುಕ್ಕುಂದೂರಿನ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಕೈಯಲ್ಲಿದ್ದ ಚಹಾ ಹಾಗೆಯೇ ಆರಿತು.

ನಾನು ಉಡುಪಿಯ ಹತ್ತಿರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವನು. ಕಲಿಸಿದ್ದು ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. ಆದರೆ ಜ್ವರ ಬಂದರೂ ರಜೆ ಹಾಕದವನು ಎಂಬ ಖ್ಯಾತಿ ಮಾತ್ರ ಗಟ್ಟಿಯಾಗಿತ್ತು. ಅದನ್ನು ಗಟ್ಟಿ ಮಾಡಿದವನೂ ನಾನೇ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಲೆನೋವೆಂದು ಅರ್ಧ ದಿನ ರಜೆ ಬರೆಯುತ್ತಿದ್ದರೆ, ಪೆನ್ನು ಬೇಕಾ ಎಂದು ಕೇಳಿ ನಗುತ್ತಿದ್ದೆ. ಈಗ ನೆನೆದರೆ ಅಂದಿನ ನನ್ನ ಪಕ್ಕ ಇಂದಿನ ನಾನೇ ಕೂರಲಾರೆ.

ಕೊರೊನಾ ಕಳೆದು ಎಲ್ಲರೂ ಮಾಸ್ಕ್ ಬಿಸಾಡಿದ್ದ ಕಾಲ. ಮಳೆಗಾಲ ಶುರುವಾದದ್ದೇ ಕಾಲೇಜಿನಲ್ಲಿ ಫ್ಲೂ ಕಾಣಿಸಿಕೊಂಡಿತು. ಅಂಥಾ ಕೊರೊನಾವನ್ನೇ ನೋಡಿದವರಿಗೆ ಇದೆಲ್ಲ ಎಂತದು ಎಂಬ ಉಡಾಫೆ ಬೇರೆ. ಪ್ರಿನ್ಸಿಪಾಲರು ಒಂದು ಸಮಿತಿ ಮಾಡಿ ನನ್ನನ್ನು ಸಂಚಾಲಕನನ್ನಾಗಿ ಹಾಕಿದರು. ಇತಿಹಾಸದವನಿಗೂ ಜ್ವರಕ್ಕೂ ಎಲ್ಲಿಯ ನಂಟು ಎಂದು ಕೇಳಬೇಡಿ. ನನ್ನ ಅಕ್ಷರ ದುಂಡಗಿತ್ತು, ಪೋಸ್ಟರ್ ಬರೆಯಲು ಜನ ಬೇಕಿತ್ತು. ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಿರಿ, ಸೋಪು ಹಾಕಿ ಕೈ ತೊಳೆಯಿರಿ, ಜ್ವರವಿದ್ದರೆ ಮನೆಯಲ್ಲೇ ಇರಿ: ಕೆಂಪು ಶಾಯಿಯಲ್ಲಿ ಚಂದ ಮಾಡಿ ಬರೆದು ಪ್ರತಿ ತರಗತಿಯಲ್ಲೂ ಅಂಟಿಸಿದೆ.

ನಿಜವಾದ ಕೆಲಸ ಮಾಡಿದವರು ಕಾಲೇಜಿನ ನರ್ಸ್ ಲೀನಾ ಸಿಸ್ಟರ್. ಕಾಪುವಿನವರು, ಕೊಂಕಣಿ ಮನೆಮಾತು, ಬಹಳ ವರ್ಷ ಗಲ್ಫ್‌ನಲ್ಲಿ ದುಡಿದು ಬಂದವರು. ಅವರ ಉಪಾಯ ಸರಳವಾಗಿತ್ತು. ಜ್ವರವಿದ್ದವರಿಗೆ ಅವರೊಂದು ಚೀಟಿ ಕೊಡುವುದು. ಚೀಟಿ ಇದ್ದವರು ಮನೆಗೆ ಹೋಗುವುದು. ಹಾಸ್ಟೆಲಿನವರಾದರೆ ಬೇರೆ ಇಟ್ಟ ಎರಡು ಕೋಣೆಗಳಿಗೆ ಹೋಗುವುದು. ಅಷ್ಟೂ ದಿನ ನಾವು ಅವರಿಗೆ ಹಾಜರಿ ಹಾಕುವುದು. ಇಲ್ಲದಿದ್ದರೆ ಹಾಜರಿ ಸಾಲದೆ ಪರೀಕ್ಷೆ ತಪ್ಪುತ್ತದೆಂಬ ಹೆದರಿಕೆಗೆ ಮಕ್ಕಳು ಮಾತ್ರೆ ನುಂಗಿ ಬಂದು ಕೂರುತ್ತಾರೆ ಎಂದರು. ಎಲ್ಲರೂ ಒಪ್ಪಿದರು, ನನ್ನೊಬ್ಬನನ್ನು ಬಿಟ್ಟು. ಹಿಂದೊಮ್ಮೆ ಯಾರೋ ಒಬ್ಬ ಥರ್ಮಾಮೀಟರನ್ನು ಬಿಸಿ ಚಹಾದಲ್ಲಿ ಅದ್ದಿ ನನ್ನನ್ನು ಮಂಗ ಮಾಡಿದ್ದ. "ಚೀಟಿ ಗೀಟಿ ನನ್ನ ಕ್ಲಾಸಿನಲ್ಲಿ ನಡೆಯುವುದಿಲ್ಲ" ಎಂದುಬಿಟ್ಟೆ. ಜ್ವರ ತಡೆಯುವ ಸಮಿತಿಯ ಸಂಚಾಲಕನ ಮಾತು ಇದು.

ಒಂದು ಶುಕ್ರವಾರ ನನಗೇ ಚಳಿ ಹಿಡಿಯಿತು. ಮಾತ್ರೆ ನುಂಗಿ ಹೊರಟೆ. ಮಳೆಗೆ ಕಿಟಕಿಗಳನ್ನೆಲ್ಲ ಹಾಕಿದ್ದ ಕೋಣೆಯಲ್ಲಿ ಒಂದು ಗಂಟೆ ಕೆಮ್ಮುತ್ತಾ ಪಾಠ ಮಾಡಿದೆ. ಮಾಡಿ ಸುಮ್ಮನಿರಬೇಕಲ್ಲ? "ನೋಡಿ, ನನಗೀಗ ನೂರೊಂದು ಡಿಗ್ರಿ ಜ್ವರ. ಬಂದಿದ್ದೇನಾ, ಇಲ್ವಾ?" ಎಂದು ಎದೆಯುಬ್ಬಿಸಿದೆ. ಬೆನ್ನ ಹಿಂದೆ ನನ್ನದೇ ಪೋಸ್ಟರ್ ಇತ್ತು. ಮುಂದಿನ ಬೆಂಚಿನಲ್ಲಿ ರೇಣುಕಾ ಕುಳಿತಿದ್ದಳು.

ವರಾಂಡದಲ್ಲಿ ಲೀನಾ ಸಿಸ್ಟರ್ ಅಡ್ಡ ನಿಂತರು. "ಎಂತ ಸರ್ ನೀವು! ಹಣೆಯ ಮೇಲೆ ದೋಸೆ ಹೊಯ್ಯಬಹುದು. ಮನೆಗೆ ಹೋಗಿ ಮಾರಾಯ್ರೆ." ನಾನು ನಕ್ಕು ಮುಂದಿನ ತರಗತಿಗೆ ಹೋದೆ.

ರೇಣುಕಾಳಿಗೆ ಚಿಕ್ಕಂದಿನಿಂದ ಉಬ್ಬಸವಿತ್ತು. ನನಗೆ ಅದು ಗೊತ್ತಿರಲಿಲ್ಲ, ಕೇಳಿದವನೂ ಅಲ್ಲ. ಮುಂದಿನ ಬುಧವಾರ ಮೆಟ್ಟಿಲು ಹತ್ತುವಾಗ ಅವಳಿಗೆ ಉಸಿರು ಸಿಗದಾಯಿತು. ಲೀನಾ ಸಿಸ್ಟರ್ ರಿಕ್ಷಾದಲ್ಲಿ ಕೂರಿಸಿಕೊಂಡು ಮಣಿಪಾಲದ ಆಸ್ಪತ್ರೆಗೆ ಒಯ್ದರು.

ಸಂಜೆ ನಾನೂ ಹೋದೆ. ಐಸಿಯುವಿನ ಹೊರಗೆ ಅವಳ ಅಪ್ಪ ಹನುಮಪ್ಪ ನಿಂತಿದ್ದರು. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕಡಿಯಾಳಿಯಲ್ಲಿ ಬಾಡಿಗೆಗಿದ್ದವರು. ಕೈಯ ಸಿಮೆಂಟನ್ನೂ ತೊಳೆಯದೆ ಓಡಿ ಬಂದಿದ್ದರು. ನಾನು ಯಾರೆಂದು ತಿಳಿಯುತ್ತಲೇ ಕೈ ಮುಗಿದರು.

"ಸರ್, ಆಕಿ ಹಾಜರಿ ಕಡಿಮಿ ಆಗೂದಿಲ್ಲಲ್ರೀ?"

ಒಳಗೆ ಮಗಳು ಆಕ್ಸಿಜನ್ ಮೇಲಿದ್ದಾಳೆ, ಅಪ್ಪ ಕೇಳುವುದು ಹಾಜರಿ! ಅದೆಲ್ಲ ಈಗ ಬೇಡ ಎಂದು ತೊದಲಿದೆ.

"ಮೈ ಸುಡಾಕತ್ತೈತಿ, ಇವತ್ತ ಮನ್ಯಾಗ ಇರು ಅಂದೆ ರೀ. ಕೇಳಲಿಲ್ಲ. ನಮ್ಮ ಸರ್ ಜ್ವರ ಇದ್ರೂ ಬಂದು ಪಾಠ ಮಾಡ್ಯಾರ, ನಾ ಹ್ಯಾಂಗ ಮಲಗ್ಲಿ ಅಂದ್ಲು. ನಿಮ್ಮ ಮ್ಯಾಲೆ ಭಾಳ ಗೌರವ ಐತ್ರೀ ಆಕಿಗೆ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಈ ಹುಡುಗಿಗೆ ಏನಾದರೂ ಆದರೆ ಎಂಬ ಹೆದರಿಕೆ ಬೇರೆ.

ಮರುದಿನ ಲೀನಾ ಸಿಸ್ಟರ್ ತಮ್ಮ ಪುಸ್ತಕ ತೆರೆದು ತೋರಿಸಿದರು. ಆ ವಾರ ಜ್ವರ ಬಂದವರಲ್ಲಿ ಹೆಚ್ಚಿನವರು ನನ್ನ ತರಗತಿಯ ಮೊದಲ ಎರಡು ಬೆಂಚಿನವರು. ಅವರು ಚೀಟಿಯೊಂದರ ಮೇಲೆ ನನ್ನ ಹೆಸರು ಬರೆದು ಕೈಗಿತ್ತರು. ನನಗೆ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಮೂರು ದಿನ ಮನೆಯಲ್ಲಿ ಮಲಗಿದೆ. ವಾಪಸು ಬಂದು, ಚೀಟಿ ತಂದವರಿಗೆಲ್ಲ ಹಾಜರಿ ಕೊಡುತ್ತೇನೆಂದು ಹೇಳಿದೆ. ಮೊದಲಿಗೆ ಯಾರೂ ನಂಬಲಿಲ್ಲ. ಒಬ್ಬಳು ಧೈರ್ಯ ಮಾಡಿ ಎದ್ದು ಹೋದ ಮೇಲೆ ಜ್ವರವಿದ್ದ ಮಿಕ್ಕವರೂ ಹೊರಟರು. ಉಳಿದ ಹನ್ನೊಂದು ಜನರಿಗೆ ಪಾಠ ಮಾಡಿದೆ, ಕಿಟಕಿ ತೆರೆದಿಟ್ಟು. ಖಾಲಿ ಬೆಂಚು ನೋಡಿ ಸಮಾಧಾನಪಟ್ಟದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಎರಡು ವಾರದಲ್ಲಿ ಕಾಲೇಜಿನಲ್ಲಿ ಕೆಮ್ಮು ಕಡಿಮೆಯಾಯಿತು. ರೇಣುಕಾಳೂ ಗುಣವಾಗಿ ಬಂದು ಪರೀಕ್ಷೆ ಬರೆದಳು.

ಆದರೆ ಅವಳಿಗೆ ಹೇಳಬೇಕಾದದ್ದನ್ನು ನಾನು ಹೇಳಲೇ ಇಲ್ಲ. ಜ್ವರ ಎಲ್ಲಿಂದಲೂ ಬಂದಿರಬಹುದು, ಬಸ್ಸಿನಲ್ಲಿ ಎಷ್ಟು ಜನ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನಿವೃತ್ತಿಯೂ ಆಗಿಹೋಯಿತು.

ಇವತ್ತು ಹನ್ನೊಂದು ಗಂಟೆಗೆ, ಶಾಲೆಯ ಬಿಡುವಿನ ಹೊತ್ತು ನೋಡಿ, ನಾನೇ ಫೋನ್ ಮಾಡಿದೆ.

"ರೇಣುಕಾ, ಮನೆಗೆ ಹೋಗು."

"ಇವತ್ತೊಂದು ದಿನ ಸರ್. ಮಕ್ಕಳಿಗೆ ಟೆಸ್ಟ್ ಉಂಟು."

"ಆ ಸಲ ನಿನಗೆ ಜ್ವರ ಹತ್ತಿಸಿದವನು ನಾನೇ. ಜ್ವರದಲ್ಲಿ ಬಂದು ಪಾಠ ಮಾಡಿದ್ದು ದೊಡ್ಡಸ್ತಿಕೆ ಅಲ್ಲ, ತಪ್ಪು. ಇಷ್ಟು ವರ್ಷ ನಿನ್ನ ಹತ್ತಿರ ಹೇಳಲು ಧೈರ್ಯ ಬರಲಿಲ್ಲ."

ಮಕ್ಕಳ ಗಲಾಟೆಯಿಂದ ಅವಳು ಆಚೆ ಸರಿದದ್ದು ಕೇಳಿಸಿತು.

"ಗೊತ್ತುಂಟು ಸರ್," ಎಂದಳು. "ನಮ್ಮ ಬೆಂಚಿನವರಿಗೆಲ್ಲ ಜ್ವರ ಅಂತ ಕೇಳಿದಾಗ ಆಸ್ಪತ್ರೆಯಲ್ಲೇ ಗೊತ್ತಾಯ್ತು. ಅಪ್ಪನಿಗೆ ಮಾತ್ರ ಹೇಳ್ಲಿಲ್ಲ."

ಮತ್ತೆ ಕೆಮ್ಮಿ, "ಹೆಡ್ ಮಿಸ್‌ಗೆ ಹೇಳಿ ಹೊರಡ್ತೇನೆ ಸರ್," ಎಂದಳು.